ಬಿಗಿ ಅಂದರೆ ಬಲ ಅಲ್ಲ

ನಿನ್ನೆ ಒಬ್ಬ ತಾಯಿ ಮೆಸೇಜ್ ಮಾಡಿದ್ದರು. ಮಗನಿಗೆ ಐದು ವರ್ಷ, ಸೆರೆಬ್ರಲ್ ಪಾಲ್ಸಿ (ಸಿಪಿ, ಎಳವೆಯಲ್ಲಿ ಮೆದುಳಿಗೆ ಆದ ಪೆಟ್ಟಿನಿಂದ ಬರುವ ಚಲನೆಯ ತೊಂದರೆ), ಎರಡೂ ಕಾಲು ತುದಿಗಾಲು. "ಹಿಮ್ಮಡಿ ನರ ಕಟ್ ಮಾಡಿ ಉದ್ದ ಮಾಡಿದ್ರೆ ಸರಿಹೋಗುತ್ತಂತೆ. ನಿಮಗೂ ಮಾಡಿದ್ದಾರಲ್ವಾ, ಮಾಡಿಸಲಾ?" ಅಂತ ಕೇಳಿದ್ದರು. ಎರಡು ಸಾಲಲ್ಲಿ ಉತ್ತರ ಕೊಡಲು ಮನಸ್ಸು ಬರಲಿಲ್ಲ.

ಅದು ನರ ಅಲ್ಲ. ಚರ್ಮದ ಕೆಳಗೆ ಹುರಿಯ ಹಾಗೆ ಕೈಗೆ ಸಿಗುವುದನ್ನೆಲ್ಲ ನಾವು ನರ ಅಂದುಬಿಡುತ್ತೇವೆ. ಹಿಮ್ಮಡಿಯ ಮೇಲೆ ಸಿಗುವುದು ಟೆಂಡನ್, ಮೀನಖಂಡದ ಸ್ನಾಯುವನ್ನು ಮೂಳೆಗೆ ಕಟ್ಟಿರುವ ಹಗ್ಗ. ಈ ವ್ಯತ್ಯಾಸ ಗೊತ್ತಿದ್ದರೆ ಮುಂದಿನದು ಅರ್ಥ ಆಗುತ್ತದೆ.

ನನಗೆ ಆರನೇ ವಯಸ್ಸಿನಲ್ಲಿ ಎರಡೂ ಕಾಲಿಗೆ ಆ ಆಪರೇಷನ್ ಆಯಿತು. ಪ್ಲಾಸ್ಟರ್ ಬಿಚ್ಚಿದ ದಿನ ನನ್ನ ಹಿಮ್ಮಡಿ ಮೊದಲ ಸಲ ನೆಲ ಮುಟ್ಟಿತು. ಅಮ್ಮ ಅತ್ತುಬಿಟ್ಟರು. ಆರು ವರ್ಷ ಕಳೆಯುವುದರೊಳಗೆ ನನ್ನ ಮೊಣಕಾಲು ಬಾಗತೊಡಗಿತು. ನಿಂತರೂ ಅರ್ಧ ಕೂತ ಹಾಗೆ. ಸಾಲಿನಲ್ಲಿ ನಿಲ್ಲಬೇಕಾದರೆ ಎರಡೂ ಅಂಗೈಯನ್ನು ತೊಡೆಗೆ ಒತ್ತಿ ಹಿಡಿಯುತ್ತಿದ್ದೆ, ಇಲ್ಲದಿದ್ದರೆ ಕುಸಿಯುತ್ತೇನೆ ಅನ್ನಿಸುತ್ತಿತ್ತು. ಮೀನಖಂಡದ ಒಳಪದರದಲ್ಲಿರುವ ಸೋಲಿಯಸ್ ಸ್ನಾಯು ನಿಂತಾಗ ಮುಂಗಾಲು, ಅಂದರೆ ಮೊಣಕಾಲಿನಿಂದ ಪಾದದವರೆಗಿನ ಭಾಗ, ಮುಂದಕ್ಕೆ ವಾಲದಂತೆ ಹಿಂದಿನಿಂದ ಹಿಡಿದಿರುತ್ತದೆ. ಟೆಂಡನ್ ಅತಿಯಾಗಿ ಉದ್ದವಾದರೆ ಆ ಹಿಡಿತ ಸಡಿಲವಾಗುತ್ತದೆ. ಮುಂಗಾಲು ವಾಲುತ್ತದೆ, ಮೊಣಕಾಲು ಬಾಗುತ್ತದೆ, ಇಡೀ ಭಾರ ತೊಡೆಯ ಮೇಲೆ ಬೀಳುತ್ತದೆ. ಇದಕ್ಕೆ ಕ್ರೌಚ್ ನಡಿಗೆ ಅನ್ನುತ್ತಾರೆ. ಎರಡೂ ಕಾಲಿಗೆ ಸಿಪಿ ಇರುವವರಲ್ಲಿ ಈ ಅಪಾಯ ಜಾಸ್ತಿ.

ನಾನು ಬಹಳ ವರ್ಷ ನನ್ನ ಸ್ನಾಯು ಗಿಡ್ಡ ಹಗ್ಗ, ಉದ್ದ ಮಾಡಿದರೆ ಮುಗಿಯಿತು ಅಂತಲೇ ನಂಬಿದ್ದೆ. ಓದುತ್ತಾ ಹೋದಂತೆ ಗೊತ್ತಾದದ್ದು ಬೇರೆ. ಸಿಪಿಯಲ್ಲಿ ಮೆದುಳಿಗೆ ಆದ ಪೆಟ್ಟು ಬೆಳೆಯುವುದಿಲ್ಲ, ಆದರೆ ಸ್ನಾಯು ಬದಲಾಗುತ್ತಾ ಹೋಗುತ್ತದೆ. ಮೂಳೆ ಬೆಳೆಯುವಷ್ಟು ವೇಗದಲ್ಲಿ ಸ್ನಾಯು ಬೆಳೆಯುವುದಿಲ್ಲ. ಮೀನಖಂಡದ ಮಾಂಸದ ಭಾಗ ಚಿಕ್ಕದು, ತೆಳ್ಳಗೆ. ಟೆಂಡನ್ ಮಾತ್ರ ಎಷ್ಟೋ ಮಕ್ಕಳಲ್ಲಿ ಮೊದಲೇ ಉದ್ದ ಇರುತ್ತದೆ! ಅಂದರೆ ಗಿಡ್ಡ ಇರುವುದು ಒಂದು, ನಾವು ಕತ್ತರಿಸಿ ಉದ್ದ ಮಾಡುವುದು ಇನ್ನೊಂದು.

ಇನ್ನೂ ಒಳಗೆ ಹೋದರೆ ಸಾರ್ಕೋಮಿಯರ್. ಸ್ನಾಯುವಿನ ಎಳೆಯೊಳಗೆ ಒಂದರ ಹಿಂದೆ ಒಂದು ಸಾಲಾಗಿ ಕೂತಿರುವ, ಬಲ ಹುಟ್ಟಿಸುವ ಪುಟ್ಟ ಘಟಕ. ಮನುಷ್ಯರಲ್ಲಿ ಅದರ ಉದ್ದ ಸುಮಾರು 2.7 ಮೈಕ್ರೋಮೀಟರ್ ಇದ್ದಾಗ ಬಲ ಹೆಚ್ಚು. ರಿಚರ್ಡ್ ಲೀಬರ್ ಮತ್ತು ಯಾನ್ ಫ್ರಿಡೆನ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಪಾಸ್ಟಿಕ್, ಅಂದರೆ ಮೆದುಳಿನ ತೊಂದರೆಯಿಂದ ಬಿಗಿಯಾದ, ಕೈಗಳ ಮಣಿಕಟ್ಟಿನ ಸ್ನಾಯುವನ್ನು ಆಪರೇಷನ್ ವೇಳೆಯಲ್ಲೇ ಅಳೆದರು. ಸಾರ್ಕೋಮಿಯರ್ ಹತ್ತಿರಹತ್ತಿರ 3.5 ಇತ್ತು. ಆಮೇಲೆ ತೊಡೆಯ ಹಿಂಭಾಗದ ಸ್ನಾಯುವಿನಲ್ಲೂ ಇಂಥದ್ದೇ ಕಂಡಿತು. ಹೊರಗಿನಿಂದ ಗಿಡ್ಡ ಕಾಣುವ ಸ್ನಾಯು ಒಳಗೆ ಹರಿಯುವಷ್ಟು ಎಳೆದುಕೊಂಡು ಕೂತಿರುತ್ತದೆ, ಯಾಕೆಂದರೆ ಸಾಲಿನಲ್ಲಿ ಇರಬೇಕಾದಷ್ಟು ಸಾರ್ಕೋಮಿಯರ್ ಇಲ್ಲ. ಹೊಸದು ಸೇರಿಸಲು ನೆರವಾಗಬೇಕಾದ ಸ್ಯಾಟಲೈಟ್ ಕೋಶಗಳೂ ಈ ಮಕ್ಕಳಲ್ಲಿ ಅರ್ಧಕ್ಕಿಂತ ಕಡಿಮೆ. ಇದನ್ನು ಓದಿದ ರಾತ್ರಿ ನನ್ನ ಮೀನಖಂಡದ ಮೇಲೆ ಕೈ ಇಟ್ಟುಕೊಂಡು ಸುಮ್ನೆ ಕೂತಿದ್ದೆ. ಕಲ್ಲಿನ ಹಾಗೆ ಗಟ್ಟಿ ಇದ್ದ ಅದನ್ನು ಎಲ್ಲರೂ ಹಟಮಾರಿ ಅಂದಿದ್ದರು. ಪಾಪ, ಅದಕ್ಕೆ ಶಕ್ತಿಯೇ ಇರಲಿಲ್ಲ.

ಅಮ್ಮ ದಿನಾ ಸಂಜೆ ನನ್ನ ಪಾದ ಎದೆಗೆ ಒತ್ತಿಕೊಂಡು ಎಳೆಯುತ್ತಿದ್ದರು. ಕಾಲು ಬಿಗಿಯಾದಾಗ "ಮನೇಲಿ ಸರಿಯಾಗಿ ಎಳೆದಿಲ್ಲ" ಅಂತ ಒಬ್ಬರು ಅವರ ಮುಖಕ್ಕೇ ಹೇಳಿದರು. ಆ ಮಾತು ಅಮ್ಮನಿಗೆ ಇಪ್ಪತ್ತು ವರ್ಷ ಚುಚ್ಚಿತು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ಪರಿಶೀಲನೆ ಹೇಳಿದ್ದೇನು ಗೊತ್ತಾ? ಏಳು ತಿಂಗಳೊಳಗಿನ ಎಳೆತದ ಚಿಕಿತ್ಸೆಯಿಂದ ನರಸಂಬಂಧಿ ತೊಂದರೆ ಇರುವವರ ಕೀಲಿನ ಚಲನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ. ದಯವಿಟ್ಟು ತಾಯಂದಿರನ್ನು ಬೈಯಬೇಡಿ.

ಆಪರೇಷನ್ನೇ ಬೇಡ ಅಂತ ನಾನು ಹೇಳುತ್ತಿಲ್ಲ. ಸೊಂಟದ ಕೀಲು ಜಾರುತ್ತಿದ್ದರೆ ಕಾಯುವುದೇ ತಪ್ಪು, ಎಕ್ಸ್‌ರೇ ತೆಗೆಸುತ್ತಲೇ ಇರಬೇಕು. ಕಾಲಿನ ಸ್ನಾಯುಗಳಿಗೂ ಸರಿಯಾದ ಸಮಯದ ಆಪರೇಷನ್‌ನಿಂದ ಎಷ್ಟೋ ಜನರ ನಡಿಗೆ ಸುಧಾರಿಸಿದೆ. ನನ್ನ ಜಗಳ ಇರುವುದು ಹಿಮ್ಮಡಿಯನ್ನು ಮಾತ್ರ ನೋಡಿ ಬೇಗ ಕತ್ತರಿಸುವುದರ ಜೊತೆ. ಈ ವರ್ಷ ಹಿಮ್ಮಡಿ, ಮುಂದಿನ ವರ್ಷ ಮೊಣಕಾಲು, ಆಮೇಲೆ ಸೊಂಟ. ಕೆನಡಾದ ಸರ್ಜನ್ ಮರ್ಸರ್ ರಾಂಗ್ ಇದನ್ನು ಹುಟ್ಟುಹಬ್ಬದ ಸಿಂಡ್ರೋಮ್ ಅಂದರು, ಮಗುವಿನ ಪ್ರತಿ ಹುಟ್ಟುಹಬ್ಬಕ್ಕೂ ಆಸ್ಪತ್ರೆ. ಈಗ ನಡಿಗೆಯನ್ನು ಕ್ಯಾಮೆರಾದಲ್ಲಿ ಅಳೆದು, ಬೇಕಾದ್ದನ್ನೆಲ್ಲ ಒಂದೇ ಸಲಕ್ಕೆ ಮಾಡುವ ದಾರಿ ಇದೆ. ಅದಾದ ಮೇಲೆ ಒಂದು ವರ್ಷವಾದರೂ ಬಲ ಕೂಡಿಸುವ ಕೆಲಸ ಇರುತ್ತದೆ. ಆ ವರ್ಷಕ್ಕೆ ಮನೆಯವರು ತಯಾರಿಲ್ಲದಿದ್ದರೆ ಆಪರೇಷನ್ ಅರ್ಧವೇ ಆದ ಹಾಗೆ.

ಆ ತಾಯಿಗೆ ನನ್ನ ಉತ್ತರ ಇದು. ಮಗನ ಮೊಣಕಾಲು ನೇರ ಇಟ್ಟು ಪಾದ ಮೇಲಕ್ಕೆ ಮಡಚಿ ನೋಡಲು ಡಾಕ್ಟರಿಗೆ ಹೇಳಿ. ಆಮೇಲೆ ಮೊಣಕಾಲು ಬಗ್ಗಿಸಿ ಅದನ್ನೇ ಮಾಡಲಿ. ಬಗ್ಗಿಸಿದಾಗ ಪಾದ ಸಲೀಸಾಗಿ ಮೇಲೆ ಬಂದರೆ, ಬಿಗಿ ಇರುವುದು ಮೊಣಕಾಲು ದಾಟಿ ಹೋಗುವ, ಮೀನಖಂಡದ ಹೊರಪದರದ ಗ್ಯಾಸ್ಟ್ರಾಕ್ನೀಮಿಯಸ್ ಸ್ನಾಯು ಒಂದರಲ್ಲೇ. ಆಗ ಸೋಲಿಯಸ್ ಅನ್ನು ಮುಟ್ಟದೆ ಅದನ್ನಷ್ಟೇ ಸಡಿಲಿಸಬಹುದು, ಇಡೀ ಹಿಮ್ಮಡಿ ಟೆಂಡನ್ ಕತ್ತರಿಸಬೇಕಿಲ್ಲ. ಐದು ವರ್ಷದ ಮಗುವಿಗೆ ಆತುರ ಬೇಡ ಅನ್ನುವುದು ನನ್ನ ಅಭಿಪ್ರಾಯ, ಚಿಕ್ಕ ವಯಸ್ಸಿನಲ್ಲಿ ಮಾಡಿದರೆ ಮತ್ತೆ ಬಿಗಿಯಾಗುವುದೂ ಜಾಸ್ತಿ. ಅಲ್ಲಿಯವರೆಗೆ ಸ್ಪ್ಲಿಂಟ್ ಇದೆ, ಪಾದವನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತರುತ್ತಾ ಬದಲಾಯಿಸುವ ಸರಣಿ ಪ್ಲಾಸ್ಟರ್ ಇದೆ. ಜೊತೆಗೆ ಅವನನ್ನು ಹತ್ತಿಸಿ, ಇಳಿಸಿ, ಕೂತಲ್ಲಿಂದ ಏಳಿಸಿ. ವ್ಯಾಯಾಮ ಮಾಡಿದರೆ ಬಿಗಿತ ಹೆಚ್ಚುತ್ತದೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಇನ್ನೂ ಏನಾದರೂ ಕೇಳುವುದಿದ್ದರೆ ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡಿ, ಎಷ್ಟು ಹೊತ್ತಾದರೂ ಮಾತಾಡೋಣ.