ಯಜಮಾನನೋ, ಬೀಗನೋ?

ನಮ್ಮ ಹುಬ್ಬಳ್ಳಿ ಮನೆಯ ಪಡಸಾಲೆಯಲ್ಲಿ, ಟಿವಿ ಮೇಲೆ, ಒಂದು ಬೋರ್ಡ್ ಇದೆ. ಕ್ರೈಸ್ತರ ಮನೆಗೆ ಹೋಗಿ ಬಂದವರು ಎಲ್ಲಾದರೂ ನೋಡಿಯೇ ಇರುತ್ತೀರಿ. ಕ್ರಿಸ್ತನೇ ಈ ಮನೆಯ ಯಜಮಾನ, ಪ್ರತಿ ಊಟಕ್ಕೂ ಕಾಣದ ಅತಿಥಿ, ಪ್ರತಿ ಮಾತನ್ನೂ ಸುಮ್ಮನೆ ಕೇಳುವವನು. ಮೂರೇ ಸಾಲು. ನಮ್ಮ ಬೋರ್ಡಿನ ಗಾಜು ಒಂದು ಮೂಲೆಯಲ್ಲಿ ಸೀಳಿದೆ, ಹಿಂದೆ ಒಂದು ಹಲ್ಲಿ ಕಾಯಂ ಬಿಡಾರ ಹೂಡಿದೆ.

ಕಾಟ ಕೊಡುವುದು ಮೂರನೇ ಸಾಲು. ಚಿಗವ್ವ ಬಂದಳೆಂದರೆ ಮಾತು ಯಾರದೋ ಮದುವೆಯಲ್ಲಿ ಪಲ್ಯ ಸಾಲಲಿಲ್ಲ ಎಂಬಲ್ಲಿಂದ ಶುರುವಾಗಿ ಆ ಮನೆಯ ಸೊಸೆಯ ತನಕ ಹೋಗುತ್ತದೆ. ಸರಿಯಾಗಿ ರುಚಿ ಹತ್ತುವ ಹೊತ್ತಿಗೆ ಅವ್ವ ಒಳಗಿಂದ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಏ, ಅಂವ ಕೇಳಾಕತ್ತಾನ ನೋಡ" ಅನ್ನುತ್ತಾಳೆ. ಚಿಗವ್ವ ಬೋರ್ಡಿನ ಕಡೆ ಒಮ್ಮೆ ನೋಡಿ, ದನಿ ಇಳಿಸಿ, ಮುಂದುವರಿಸುತ್ತಾಳೆ. ದೇವರಿಗೆ ಕಿವಿ ಸ್ವಲ್ಪ ಮಂದ ಅಂದುಕೊಂಡಿದ್ದಾಳೇನೋ.

ನನಗೆ ತಕರಾರಿದ್ದದ್ದು ಮೊದಲೆರಡು ಸಾಲಿನ ಮೇಲೆ. ಯಜಮಾನನಾದವನು ಅತಿಥಿ ಹೇಗಾಗುತ್ತಾನೆ? ನಮ್ಮ ಕಡೆ ಬೀಗರು ಬಂದರೆ ಅಟ್ಟದ ಮೇಲಿನ ಹೊಸ ತಾಟು ಕೆಳಗಿಳಿಯುತ್ತವೆ, ಹೋಳಿಗೆ ಆಗುತ್ತದೆ, ಮನೆಯ ಜಗಳವೆಲ್ಲ ಅಡುಗೆಮನೆಗೆ ಸರಿದು ಪಿಸುಪಿಸು ನಡೆಯುತ್ತದೆ. ಅವರು ಹೋದ ಮೇಲೆ ಎಲ್ಲರೂ ಉಸಿರು ಬಿಡುತ್ತೇವೆ, ಅಲ್ವಾ? ನಾನು ದೇವರನ್ನು ಬಹಳ ವರ್ಷ ಹೀಗೇ ನಡೆಸಿಕೊಂಡೆ. ಭಾನುವಾರ ಇಸ್ತ್ರಿ ಅಂಗಿ, ಆರಾಧನೆ, ಅಯ್ಯನವರಿಗೊಂದು ನಮಸ್ಕಾರ. ಅಲ್ಲಿಗೆ ಬೀಗರನ್ನು ಬಸ್ ಹತ್ತಿಸಿದ ಹಾಗೆ. ಕ್ರಿಸ್ತನ ಸುವಾರ್ತೆ ಸಾರುವ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಅಷ್ಟು ಹಳೆಯ ಪರಿಚಯ, ಆದರೂ ನನ್ನ ಮನೆಯಲ್ಲಿ ಆತನಿಗೆ ಇನ್ನೂ ಪಡಸಾಲೆಯ ಕುರ್ಚಿಯೇ.

"ಎಲ್ಲಾ ದಿವಸ ನಿಮ್ಮ ಸಂಗಡ ಇರುತ್ತೇನೆ" ಅಂತ ಮತ್ತಾಯನ ಸುವಾರ್ತೆಯ ಕೊನೆಯಲ್ಲಿದೆ. ಎಲ್ಲಾ ದಿವಸ ಅಂದರೆ ನಳ ಬರುವ ದಿವಸವೂ ಬಂತಲ್ಲ. ನಮ್ಮ ಓಣಿಯಲ್ಲಿ ದಿನಗಟ್ಟಲೆ ಕಾದ ಮೇಲೆ ಒಮ್ಮೆ ನೀರು, ಅದೂ ರಾತ್ರಿ ಎರಡಕ್ಕೆ. ಒಮ್ಮೆ ಹಾಗೇ ಎದ್ದು, ಬ್ಯಾರಲ್‌ಗೆ ಪೈಪ್ ಬಿಟ್ಟು, ಜಾರುವ ತುದಿಯನ್ನು ಕಾಲಲ್ಲಿ ಒತ್ತಿ ಹಿಡಿದು, ನಿದ್ದೆ, ಸೊಳ್ಳೆ, ಸಾಲದ ಕಂತು, ಮಗನ ಮಾರ್ಕ್ಸು ಎಲ್ಲ ಸೇರಿಸಿ ಬೈಯುತ್ತಾ ನಿಂತಿದ್ದೆ. ಬ್ಯಾರಲ್ ತುಂಬಿ ನೀರು ಪಾದಕ್ಕೆ ಹರಿದಾಗಲೇ ಗೊತ್ತಾದದ್ದು, ಇಷ್ಟು ಹೊತ್ತು ಇದನ್ನೆಲ್ಲ ಆತನಿಗೇ ಹೇಳುತ್ತಿದ್ದೆ. ಬೀಗರ ಮುಂದೆ ಯಾರಾದರೂ ಹೀಗೆ ಮಾತಾಡುತ್ತಾರಾ?

ಪಡಸಾಲೆ ದಾಟಿ ಒಳಗೆ ಬರುವವರು ಮನೆ ಮಂದಿ ಮಾತ್ರ. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಮಠವೊಂದರಲ್ಲಿ ಅಡುಗೆ ಕೆಲಸಕ್ಕಿದ್ದ ಬ್ರದರ್ ಲಾರೆನ್ಸ್, ಪಾತ್ರೆಗಳ ಗದ್ದಲದಲ್ಲೂ ಪ್ರಾರ್ಥನೆಯ ಹೊತ್ತಿನಷ್ಟೇ ದೇವರು ಹತ್ತಿರ ಅನ್ನುತ್ತಿದ್ದ. ಲಾರೆನ್ಸ್ ದೇವರನ್ನು ಒಳಗೇ ಕರೆದುಕೊಂಡಿದ್ದ. ಲೂಕನ ಸುವಾರ್ತೆಯಲ್ಲಿ ಎಮ್ಮಾಹುವಿನ ದಾರಿಯ ಇಬ್ಬರು, ಸಂಜೆಯಾಯಿತು, ಇಲ್ಲೇ ಇರು ಅಂತ ಅಪರಿಚಿತನೊಬ್ಬನನ್ನು ಒಳಗೆ ಕರೆಯುತ್ತಾರೆ. ಊಟಕ್ಕೆ ಕೂತಾಗ ರೊಟ್ಟಿ ಮುರಿದು ಕೊಡುವವನು ಆ ಅತಿಥಿಯೇ! ಆಗ ಗುರುತು ಹತ್ತುತ್ತದೆ, ಅಂವ ಯೇಸುವೇ ಅಂತ. ಬೋರ್ಡ್ ಬರೆದವರು ಲೆಕ್ಕ ತಪ್ಪಿರಲಿಲ್ಲ, ಬಿಡಿ.

ಚಿಗವ್ವ ಮಾತ್ರ ಮೊನ್ನೆ ಬಂದವಳು ಬೋರ್ಡಿಗೆ ಬೆನ್ನು ಹಾಕಿ ಕೂತಳು.