ಯಂತ್ರ ಬರೆದ ಸ್ಕ್ರಿಪ್ಟಿಗೆ ‘ಪಾಲಿಶ್’ ಸಂಭಾವನೆ ಒಪ್ಪಬೇಡಿ

ಚಿತ್ರಕಥೆ ಬರೆಯುವವರಿಗೆ ಎಐನಿಂದ ಆಗುತ್ತಿರುವ ನಷ್ಟ ಮೇಲುನೋಟಕ್ಕೆ ಕಾಣುವುದಿಲ್ಲ. ಕೆಲಸ ಇದ್ದೇ ಇರುತ್ತದೆ, ಅದರ ಹೆಸರು ಮಾತ್ರ ಬದಲಾಗಿರುತ್ತದೆ. ನಿರ್ಮಾಪಕರು ಒಂದೆಳೆ ಕಥೆಯನ್ನು ಚಾಟ್‌ಬಾಟ್‌ಗೆ ಕೊಟ್ಟು ನೂರು ಪುಟ ಬರೆಸಿಕೊಂಡು ಬಂದು, "ಸ್ಕ್ರಿಪ್ಟ್ ರೆಡಿ ಇದೆ, ಸ್ವಲ್ಪ ಪಾಲಿಶ್ ಮಾಡಿಕೊಡಿ ಸಾಕು" ಅನ್ನುತ್ತಾರೆ. ಮೊದಲ ಡ್ರಾಫ್ಟಿನ ಸಂಭಾವನೆ ಅಲ್ಲಿಗೆ ಹೋಯಿತು. ಟೈಟಲ್ ಕಾರ್ಡಿನಲ್ಲಿ ‘ಚಿತ್ರಕಥೆ’ ಅಂತ ಬರಬೇಕಾದ ಹೆಸರಿಗೂ ಕುತ್ತು.

ಆ ನೂರು ಪುಟ ಪಾಲಿಶ್‌ಗೆ ಬಗ್ಗುವಂಥದ್ದಲ್ಲ. ಪಾತ್ರಗಳು ಮನಸ್ಸಿನಲ್ಲಿರುವುದನ್ನೆಲ್ಲ ಬಾಯಿಬಿಟ್ಟು ಹೇಳಿಬಿಡುತ್ತವೆ. "ನೀನು ನನ್ನನ್ನು ನಂಬಲಿಲ್ಲ, ಅದೇ ನನಗೆ ನೋವು" ಅಂತ ಅಪ್ಪ ಹೇಳುವ ಧಾಟಿಯಲ್ಲೇ ಪೊಲೀಸೂ ಮಾತಾಡುತ್ತಾನೆ, ಹತ್ತು ವರ್ಷದ ಹುಡುಗಿಯೂ ಮಾತಾಡುತ್ತಾಳೆ. ಪ್ರತಿ ಸೀನೂ ಜಗಳದಲ್ಲಿ ಶುರುವಾಗಿ ರಾಜಿಯಲ್ಲಿ ಮುಗಿಯುವುದರಿಂದ ಮುಂದಿನ ಸೀನನ್ನು ಎಳೆದುಕೊಂಡು ಹೋಗಲು ಏನೂ ಉಳಿದಿರುವುದಿಲ್ಲ. 12ನೇ ಸೀನಿನಲ್ಲಿ ಬಚ್ಚಿಟ್ಟ ಪತ್ರ 60ನೇ ಸೀನಿನ ಹೊತ್ತಿಗೆ ಮರೆತೇ ಹೋಗಿರುತ್ತದೆ.

ಇದಕ್ಕೆ ಕಾರಣವಿದೆ. ಚಾಟ್‌ಬಾಟ್‌ಗಳ ಹಿಂದಿರುವ ಭಾಷಾ ಮಾದರಿಗಳು ಹಿಂದಿನ ಪದಗಳನ್ನು ನೋಡಿ ಮುಂದೆ ಬರಬಹುದಾದ ಪದವನ್ನು ಊಹಿಸುತ್ತ ಸಾಗುತ್ತವೆ. ಸಾವಿರಾರು ಕಡೆ ಬಳಕೆಯಾದ ತಿರುವೇ ಸುಲಭಕ್ಕೆ ಸಿಗುತ್ತದೆ, ಅಂದರೆ ಪ್ರೇಕ್ಷಕ ಆಗಲೇ ಊಹಿಸಿ ಕೂತಿರುವುದು. ಬರಹಗಾರ ಮಾಡುವುದು ಇದರ ಉಲ್ಟಾ: ಕ್ಲೈಮ್ಯಾಕ್ಸ್ ಸಿಕ್ಕ ಮೇಲೆ ಹಿಂದಕ್ಕೆ ನಡೆದು, ಮೊದಲ ಹತ್ತು ಸೀನುಗಳಲ್ಲಿ ಅದರ ಬೀಜ ಬಿತ್ತಿ ಬರುತ್ತಾನೆ.

ಒಪ್ಪಿಕೊಳ್ಳುವ ಮೊದಲು ಹೀಗೆ ಪರೀಕ್ಷಿಸಿ. ನಡುವಿನಿಂದ ಸತತ ಹತ್ತು ಸೀನು ತೆಗೆದುಕೊಳ್ಳಿ. ಪಾತ್ರಗಳ ಹೆಸರು ಮುಚ್ಚಿ ಸಂಭಾಷಣೆ ಓದಿ, ಯಾರ ಮಾತು ಅಂತ ತಿಳಿಯುತ್ತದಾ ನೋಡಿ. ಆಮೇಲೆ ಒಂದೊಂದೇ ಸೀನು ಕಿತ್ತು ನೋಡಿ. ಮೂರ್ನಾಲ್ಕು ಸೀನು ಹೋದರೂ ಕಥೆ ಅಲುಗಾಡದಿದ್ದರೆ ಅದು ಮೊದಲ ಪುಟದಿಂದ ಮತ್ತೆ ಬರೆಯುವ ಕೆಲಸ. ಸಂಭಾವನೆಯನ್ನೂ ಹಾಗೆಯೇ ಕೇಳಿ.

ನಿರ್ದೇಶಕರ ಕಥೆಯೂ ಬೇರೆಯಲ್ಲ. ಎಐ ವಿಡಿಯೊ ಹೆಚ್ಚಾಗಿ ಕೆಲವೇ ಸೆಕೆಂಡಿನ ತುಣುಕುಗಳಾಗಿ ಬರುತ್ತದೆ. ಶಾಟಿನಿಂದ ಶಾಟಿಗೆ ಮುಖ ಸ್ವಲ್ಪ ಬದಲು, ಅಂಗಿಯ ಗುಂಡಿ ಬದಲು, ಬೆಳಕು ಬರುವ ದಿಕ್ಕು ಬದಲು. ಎಡಿಟಿಂಗ್ ಟೇಬಲ್ ಮೇಲೆ "ಈ ನೋಟ ಇನ್ನೊಂದು ಸೆಕೆಂಡ್ ನಿಲ್ಲಲಿ" ಅನ್ನಿಸಿದರೆ ಎಳೆಯಲು ಫುಟೇಜೇ ಇರುವುದಿಲ್ಲ. ಮತ್ತೆ ಜನರೇಟ್ ಮಾಡಿಸಿದರೆ ನಟನೆಯೇ ಬೇರೆ. ಶೂಟಿಂಗಿಗೆ ಮೊದಲು ಶಾಟ್ ಯೋಜಿಸಲು ಇದು ಉಪಯುಕ್ತ, ನಿಜ. ಆದರೆ ಆ ಉಪಯೋಗದ ಬೆಲೆ ತೆರುತ್ತಿರುವವರು ಶಾಟ್‌ಗಳನ್ನು ಮೊದಲೇ ಚಿತ್ರ ಬರೆದು ತೋರಿಸುವ ಸ್ಟೋರಿಬೋರ್ಡ್ ಕಲಾವಿದರು ಎಂಬುದು ನೋವಿನ ಸಂಗತಿ.

2023ರ ಮೇ 2ರಿಂದ 148 ದಿನ ಹಾಲಿವುಡ್‌ನ ಬರಹಗಾರರು ಮುಷ್ಕರ ಹೂಡಿ ಗಳಿಸಿದ ಒಪ್ಪಂದ ಇದೇ ಜಾಗಕ್ಕೆ ಕೈಹಾಕಿತು. ಅದರ ಪ್ರಕಾರ ಎಐ ಬರೆದದ್ದನ್ನು ‘ಮೂಲ ಕೃತಿ’ (ಕಾದಂಬರಿಯ ಹಾಗೆ ಚಿತ್ರಕಥೆಗೆ ಆಧಾರವಾಗುವ ಬರಹ) ಎಂದು ಎಣಿಸುವಂತಿಲ್ಲ, ಹಾಗಾಗಿ ಅದನ್ನು ತೋರಿಸಿ ಬರಹಗಾರರ ಸಂಭಾವನೆ, ಕ್ರೆಡಿಟ್ ಇಳಿಸುವಂತಿಲ್ಲ. ಎಐ ಬಳಸಲೇಬೇಕು ಎಂದು ಬರಹಗಾರರನ್ನು ಒತ್ತಾಯಿಸುವಂತಿಲ್ಲ. ಕೊಟ್ಟ ಸಾಮಗ್ರಿಯಲ್ಲಿ ಎಐ ಬರಹವಿದ್ದರೆ ಮೊದಲೇ ಹೇಳಬೇಕು. ಆದರೆ ಇದು ಸಹಿ ಹಾಕಿದ ಕಂಪನಿಗಳಿಗಷ್ಟೇ ಅನ್ವಯ. ಉಳಿದವರು ತಮ್ಮ ತಮ್ಮ ಕರಾರಿನಲ್ಲೇ ಬರೆಸಿಕೊಳ್ಳಬೇಕು.

ನಿರ್ಮಾಪಕರಿಗೆ ತಿಳಿಸಬೇಕಾದ್ದು ಇನ್ನೊಂದಿದೆ. ಎಐಗೆ ಬರೀ ಪ್ರಾಂಪ್ಟ್ (ಹೀಗೆ ಬರೆದುಕೊಡು ಎಂಬ ಸೂಚನೆ) ಕೊಟ್ಟು ಪಡೆದ ಬರಹಕ್ಕೆ ಕೃತಿಸ್ವಾಮ್ಯ ಸಿಗುವುದಿಲ್ಲ ಎಂಬುದು ಅಮೆರಿಕದ ಕಾಪಿರೈಟ್ ಕಚೇರಿ 2025ರ ಜನವರಿಯಲ್ಲಿ ಹೇಳಿರುವ ನಿಲುವು. ಸ್ಕ್ರಿಪ್ಟಿನ ಹಕ್ಕೇ ಗಟ್ಟಿಯಿಲ್ಲದಿದ್ದರೆ ನಾಳೆ ಸಿನಿಮಾ ಮಾರುವಾಗ, ರೀಮೇಕ್ ಹಕ್ಕು ಕೊಡುವಾಗ ತೊಡಕು ಅವರಿಗೇ. ಬರಹಗಾರರೂ ಬರೆದದ್ದು ತಾವೇ ಎಂದು ತೋರಿಸಲು ಕೈಬರಹದ ಟಿಪ್ಪಣಿ, ತಾರೀಖು ಹಾಕಿದ ಪ್ರತಿ ಡ್ರಾಫ್ಟ್ ಎರಡನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.

ಕರಾರಿಗೆ ಸೇರಿಸಲು ಮೂರು ಸಾಲು ಇಲ್ಲಿವೆ, ವಕೀಲರಿಗೆ ತೋರಿಸಿ ಬಳಸಿ: "ಬರಹಗಾರರಿಗೆ ಕೊಟ್ಟ ಸಾಮಗ್ರಿಯಲ್ಲಿ ಎಐ ರಚಿಸಿದ ಭಾಗವಿದ್ದರೆ ನಿರ್ಮಾಪಕರು ಲಿಖಿತವಾಗಿ ತಿಳಿಸತಕ್ಕದ್ದು. ಅಂಥ ಸಾಮಗ್ರಿಯ ಮೇಲೆ ಮಾಡಿದ ಬರವಣಿಗೆಗೆ ಮೊದಲ ಡ್ರಾಫ್ಟಿನ ಸಂಭಾವನೆ ಹಾಗೂ ಕ್ರೆಡಿಟ್ ಅನ್ವಯಿಸತಕ್ಕದ್ದು. ಬರಹಗಾರರ ಲಿಖಿತ ಒಪ್ಪಿಗೆಯಿಲ್ಲದೆ ಈ ಸ್ಕ್ರಿಪ್ಟನ್ನು ಯಾವುದೇ ಎಐ ಸಾಧನಕ್ಕೆ ಅಪ್‌ಲೋಡ್ ಮಾಡತಕ್ಕದ್ದಲ್ಲ."