ಮೆಕಾಲೆ ಹೇಳದ ಮಾತು, ಬರೆದ ಮಾತು

"ಭಾರತದ ಉದ್ದಗಲ ಸುತ್ತಿದೆ. ಒಬ್ಬ ಭಿಕ್ಷುಕನೂ ಇಲ್ಲ, ಕಳ್ಳನೂ ಇಲ್ಲ. ಇವರ ಶಿಕ್ಷಣ ಪದ್ಧತಿ ಬದಲಿಸದೆ ಇವರನ್ನು ಗೆಲ್ಲಲಾಗದು." 1835ರ ಫೆಬ್ರವರಿ 2ರಂದು ಭಾರತ ಆಳುತ್ತಿದ್ದ ಬ್ರಿಟಿಷ್ ಸರ್ಕಾರದ ಅಧಿಕಾರಿ ಮೆಕಾಲೆ ಬ್ರಿಟಿಷ್ ಸಂಸತ್ತಿನಲ್ಲಿ ಹೀಗೆ ಹೇಳಿದ ಎಂಬ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು.

ಆ ದಿನ ಮೆಕಾಲೆ ಲಂಡನ್‌ನಲ್ಲಿ ಇರಲೇ ಇಲ್ಲ. 1834ರಲ್ಲೇ ಮದ್ರಾಸಿಗೆ ಬಂದಿಳಿದು, ನಮ್ಮ ಬೆಂಗಳೂರು, ಮೈಸೂರಿನ ದಾರಿಯಲ್ಲೇ ಊಟಿಗೆ ಹೋಗಿ, ಆಮೇಲೆ ಕಲ್ಕತ್ತಾ ಸೇರಿದ್ದ.

ತಾರೀಖು ಮಾತ್ರ ನಿಜ. ಅಂದು ಅವನು ಶಿಕ್ಷಣದ ಬಗ್ಗೆ ಒಂದು ಟಿಪ್ಪಣಿ ಬರೆದ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆಂದು ಬ್ರಿಟಿಷ್ ಸಂಸತ್ತು ಮಾಡಿದ 1813ರ ಕಾಯ್ದೆ ಭಾರತೀಯರ ಕಲಿಕೆಗೆಂದು ವರ್ಷಕ್ಕೆ 1 ಲಕ್ಷ ರೂಪಾಯಿ ಎತ್ತಿಟ್ಟಿತ್ತು. ಅದು ಸಂಸ್ಕೃತ, ಅರಬ್ಬಿಗೋ ಇಂಗ್ಲಿಷಿಗೋ ಎಂಬ ಜಗಳ ನಡೆದಿತ್ತು. ಇಂಗ್ಲಿಷಿನ ಪರ ವಾದಿಸಿದ ಆ ಟಿಪ್ಪಣಿಯಲ್ಲಿ ಭಿಕ್ಷುಕ, ಕಳ್ಳರ ಮಾತೇ ಇಲ್ಲ.

ಹಾಗಂತ ಅಲ್ಲಿರುವುದು ಸಿಹಿಯೇನಲ್ಲ. ಒಳ್ಳೆಯ ಯುರೋಪಿಯನ್ ಲೈಬ್ರರಿಯ ಕಪಾಟಿನ ಒಂದೇ ಸಾಲು ಭಾರತ, ಅರೇಬಿಯಾದ ಇಡೀ ಸಾಹಿತ್ಯಕ್ಕೆ ಸಮ ಎಂದು ಬರೆದ. ಸಂಸ್ಕೃತವಾಗಲಿ ಅರಬ್ಬಿಯಾಗಲಿ ತನಗೆ ಬಾರದು ಎಂದೂ ಅಲ್ಲೇ ಒಪ್ಪಿಕೊಂಡಿದ್ದಾನೆ! ನಿಜವಾಗಿ ಬರೆದಿದ್ದೇ ಇಷ್ಟಿರುವಾಗ ಸುಳ್ಳು ಏಕೆ ಬೇಕು, ಅಲ್ವಾ?

ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ಮಾತು. ಇರುವ ಹಣದಲ್ಲಿ ಎಲ್ಲ ಜನರಿಗೂ ಕಲಿಸಲಾಗದು ಎಂದು ಮೆಕಾಲೆ ಬರೆದ. ರಕ್ತ, ಬಣ್ಣದಲ್ಲಿ ಭಾರತೀಯರು, ರುಚಿ, ವಿಚಾರದಲ್ಲಿ ಇಂಗ್ಲಿಷರು ಆಗಿರುವ ಒಂದು ವರ್ಗವನ್ನು ಮೊದಲು ತಯಾರು ಮಾಡೋಣ ಎಂದ. ಅಂದರೆ ಶಾಲೆ ಇದ್ದದ್ದು ಕೆಲವರಿಗೆ, ಆಳುವವರಿಗೂ ಜನರಿಗೂ ನಡುವೆ ನಿಲ್ಲುವವರಿಗೆ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಾಲೆ ಹಕ್ಕು ಎನ್ನುವ ಕಾನೂನು ಜಾರಿಗೆ ಬಂದಿದ್ದು 2010ರಲ್ಲಿ.